ಕೆಂಪು ಪಟ್ಟಿಯ ಆಚೆ

"ಶರ್ಟ್ ಬಿಚ್ಚಿ ಕೊಡಿ ಅಂದ್ರೆ ಸುಮ್ನೆ ನಿಂತಿದ್ದೀರಲ್ಲ?"

"ಒಳಗೆ ಬನಿಯನ್ ಇಲ್ಲ... ಹಾಗೇ ಬಟನ್ ಹೊಲಿದುಬಿಡಿ. ಅರ್ಧ ಗಂಟೇಲಿ ಇಂಟರ್‌ವ್ಯೂ ಇದೆ."

ಹನ್ನೊಂದು ವರ್ಷದ ಹಿಂದೆ ಅವಳ ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತು ಅವನು ಆಡಿದ ಮೊದಲ ಮಾತು ಇದು. ಎಂಥಾ ಗಂಡಸಪ್ಪಾ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಅವಳು ಸೂಜಿ ಹಿಡಿದು ಅವನೆದುರು ನಿಂತಿದ್ದಳು. ಅವನು ಉಸಿರು ಬಿಗಿಹಿಡಿದಿದ್ದ. ಅವಳೂ ಅಷ್ಟೇ. ಆ ಗಡಿಬಿಡಿಯಲ್ಲಿ ನೀಲಿ ಶರ್ಟಿಗೆ ಬಿಳಿ ಬಟನ್ ಕೂತಿತು. ಅವನಿಗೆ ಕೆಲಸ ಸಿಗಲಿಲ್ಲ, ಅವಳು ಸಿಕ್ಕಳು. ಅಂದಿನಿಂದ ಅವನ ಬಾಯಲ್ಲಿ ಅವಳು 'ಟೈಲರಮ್ಮ'.

ಈಗ ಅದೇ ಟೈಲರಮ್ಮನ ಪಾಲಿಗೆ ಎಡಗಡೆ ಎಂಬುದೇ ಇರಲಿಲ್ಲ.

ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಐದು ತಿಂಗಳಾಗಿತ್ತು. ಕಣ್ಣುಗಳು ಚೆನ್ನಾಗಿಯೇ ಇದ್ದವು. ಮಿದುಳು ಮಾತ್ರ ಎಡಕ್ಕೆ ಗಮನ ಕೊಡುವುದನ್ನು ಬಿಟ್ಟಿತ್ತು. ತಟ್ಟೆಯ ಬಲಭಾಗ ಖಾಲಿ ಮಾಡಿ, "ಇಷ್ಟೇನಾ ಬಡಿಸಿದ್ದು?" ಎನ್ನುತ್ತಿದ್ದಳು. ಮೊದಮೊದಲು ಅವನೇ ತಟ್ಟೆ ತಿರುಗಿಸಿ ಇಡುತ್ತಿದ್ದ, ತಲೆ ಬಾಚುತ್ತಿದ್ದ. ಒಂದು ತಿಂಗಳಿಂದ ಅದೆಲ್ಲ ನಿಂತೇಹೋಗಿತ್ತು. ಊಟಕ್ಕೆ ಕೂತರೂ, ವ್ಯಾಯಾಮಕ್ಕೆ ಕೂತರೂ ಆಸಾಮಿಯ ಪತ್ತೆಯಿಲ್ಲ.

'ಬೇಸತ್ತುಹೋಗಿದ್ದಾರೆ... ಪಾಪ, ಅವರಾದರೂ ಎಷ್ಟು ದಿನ ಅಂತ ಮಾಡುತ್ತಾರೆ?'

ಆ ಬೆಳಿಗ್ಗೆ ಅವಳು ತಡೆಯಲಾರದೆ ಅಣ್ಣನಿಗೆ ಫೋನ್ ಮಾಡಿದಳು.

"ಸಂಜೆ ಬಂದು ಕರ್ಕೊಂಡು ಹೋಗಣ್ಣ. ಇನ್ನು ಇವರಿಗೆ ಭಾರ ಆಗಲ್ಲ ನಾನು."

ಎಡಗೈಯ ನೆನಪೇ ಇಲ್ಲದೆ, ಬಲಗೈ ಒಂದರಲ್ಲೇ ಹೇಗೋ ಬ್ಯಾಗು ತುಂಬಿದಳು. ಅಷ್ಟರಲ್ಲಿ ಮನೆಗೇ ಬಂದು ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಮೇಡಂ ಬಂದರು. ಅಂಗಡಿಯ ಹಳೆಯ ಬಟನ್‌ಗಳನ್ನು ಮೇಜಿನ ತುಂಬ ಹರಡಿ, ಎಲ್ಲವನ್ನೂ ಹೆಕ್ಕಿ ಡಬ್ಬಿಗೆ ಹಾಕಲು ಹೇಳಿದರು.

"ಆಯ್ತು ಮೇಡಂ."

"ಅರ್ಧ ಆಯ್ತು. ಎಡಗಡೆ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದ್ದೀನಲ್ಲ, ಅದು ಕಾಣೋವರೆಗೂ ತಿರುಗಿ."

"ಯಾರಿಗೋಸ್ಕರ ಮೇಡಂ? ಕಟ್ಕೊಂಡೋರೇ ದಿನಾ ಎದ್ದು ಹೋಗ್ತಾರೆ."

ಮೇಡಂ ಪೆನ್ನು ಕೆಳಗಿಟ್ಟರು. "ಎದ್ದು ಹೋದೋರು ಯಾರು? ತಿರುಗಮ್ಮ. ಇನ್ನೂ... ಇನ್ನೂ ಸ್ವಲ್ಪ."

ಕತ್ತು ನೋಯುವಷ್ಟು ತಿರುಗಿದಳು. ಕೆಂಪು ಪಟ್ಟಿ ಕಂಡಿತು. ಅದರಾಚೆ ಒಂದು ಕೈ. ನೀಲಿ ತೋಳು. ಎದೆಯ ಮೇಲೊಂದು ಬಿಳಿ ಬಟನ್...

ಅವನು! ಬೆರಳು ಹೆಣೆದುಕೊಂಡು ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು.

"ಎಡಗಡೆ ಕೂತ್ಕೊಳ್ಳಿ, ಸಹಾಯ ಮಾಡ್ಬೇಡಿ, ಕರೀಬೇಡಿ, ಅವರೇ ತಿರುಗಿ ಹುಡುಕಲಿ ಅಂತ ನಾನೇ ಹೇಳಿದ್ದು. ನಿಮ್ಮೆದುರೇ ಹೇಳಿದ್ದೆ, ನೀವು ಮರೆತಿದ್ದೀರಿ," ಎಂದ ಮೇಡಂ ಅವನತ್ತ ನೋಡಿದರು. "ಕೂತು ಅಳಿ ಅಂತ ಮಾತ್ರ ಹೇಳಿರಲಿಲ್ಲಪ್ಪ." ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಟುಹೋದರು.

"ತಿಂಗಳಿಡೀ ಇಲ್ಲೇ ಇದ್ರಾ?"

"ಇನ್ನೆಲ್ಲಿಗೆ ಹೋಗ್ಲಿ? ಅರ್ಧ ಊಟಕ್ಕೇ ಏಳ್ತಿದ್ದೆಯಲ್ಲ, ಪ್ರಾಣ ಹೋದ ಹಾಗಾಗ್ತಿತ್ತು ಕಣೆ."

"ಒಂದ್ಸಲ ಕರೀಬಾರದಿತ್ತಾ?"

"ಎಷ್ಟೋ ಸಲ ಬಾಯಿಗೆ ಬಂತು. ಕರೆದ್ರೆ ನಿನ್ನ ಶ್ರಮ ಎಲ್ಲಾ ಹಾಳಾಗುತ್ತೇನೋ ಅಂತ ನುಂಗ್ಕೊಂಡೆ. ಈ ಶರ್ಟ್ ಆದ್ರೂ ಕಂಡೀತು ಅಂತ ಪೆಟ್ಟಿಗೆಯಿಂದ ತೆಗೆದೆ."

ಅವಳು ಬಲಗೈ ಚಾಚಿ ಅವನ ಎದೆಯ ಬಟನ್ ಮುಟ್ಟಿದಳು. ಅದು ದಾರದಲ್ಲಿ ಜೋತಾಡುತ್ತಿತ್ತು.

"ಸಡಿಲ ಆಗಿದೆ. ಬಿಚ್ಚಿ ಕೊಡಿ, ಹೊಲೀತೀನಿ."

"ಒಳಗೆ ಬನಿಯನ್ ಇಲ್ಲ."

ಅತ್ತುಕೊಂಡೇ ನಕ್ಕುಬಿಟ್ಟಳು. ಅವನು ಸೂಜಿಗೆ ದಾರ ಪೋಣಿಸಿ ಕೊಟ್ಟು, ಬಟ್ಟೆ ಹಿಡಿದು ಕೂತ. ಮೊದಲ ಹೊಲಿಗೆ ಸೊಟ್ಟಗಾಯಿತು.

"ಸಂಜೆ ಅಣ್ಣ ಬರ್ತಾನೆ... ನನ್ನ ಕರ್ಕೊಂಡು ಹೋಗೋಕೆ."

ಅವನು ಹಿಡಿದ ಬಟ್ಟೆ ಬಿಡಲಿಲ್ಲ. "ಬರಲಿ. ಟೀ ಕುಡಿದು ಹೋಗಲಿ. ನೀನು?"

"ನಾನೆಲ್ಲಿಗೆ ಹೋಗ್ಲಿ? ಇಲ್ಲೇ, ನಿಮ್ಮ ಬಲಗಡೆ."