ಬ್ಯಾಟರಾಯಪ್ಪನ ಉಳಿದ ಷರಾ

ಏಳು ತಿಂಗಳ ಮೇಲೆ ಮುನೀಂದ್ರ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ತಾನಾಗಿ ಬಂದವನಲ್ಲ, ರಾಧಾಮಣಿ ಮೇಡಂ ಕೂರಿಸಿದ್ದು.

“ಇವತ್ತು ನಿಮ್ ಲಾಸ್ಟ್ ಡೇ ಇರ್ಬಹುದು ಮುನೀಂದ್ರ, ಆದ್ರೆ ಈ ಎರರ್ ಹೋಗೋವರ್ಗೂ ನೀವು ಸರಳಾ ಜೊತೆ,” ಎಂದು ಹೇಳಿ ಮೇಡಂ ಮೀಟಿಂಗಿಗೆ ಹೋದರು.

ಕೆಂಪಾಪುರದ ನಮ್ಮ ಆಫೀಸು ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತದೆ. ನಿನ್ನೆ ಹೊಸ ಸ್ಕ್ರೀನ್ ಹಾಕಿದ್ದೆವು. ಇವತ್ತು ಹತ್ತೊಂಬತ್ತು ರಿಪೋರ್ಟು ತೆರೆಯುತ್ತಿಲ್ಲ. ಡೇಟಾಬೇಸ್‌ನಿಂದ ಬಂದ ಎಕ್ಸ್‌ಎಂಎಲ್, ಅಂದರೆ ರಿಪೋರ್ಟಿನ ಮೂಲ ಬರಹ, ಅರ್ಧಕ್ಕೇ ನಿಂತಿದೆ ಎಂದು ಎರರ್.

“ಹೇಗಿದೀರಾ?” ಅಂದ.

ನೀವು! ಒಂದು ಕಾಲಕ್ಕೆ ನನ್ನನ್ನು ‘ಏ ಕೋತಿ’ ಎಂದು ಕರೆಯುತ್ತಿದ್ದವನು.

“ಚೆನ್ನಾಗಿದೀನಿ.”

ಸುಳ್ಳೇನಲ್ಲ. ಊಟ, ನಿದ್ದೆ ಎಲ್ಲ ನಡೆಯುತ್ತಿದೆ. ಏನೂ ಅನ್ನಿಸುವುದಿಲ್ಲ, ಅಷ್ಟೇ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ನಾನು ಪೂರ್ತಿ ಹಾಗೇ ಇದ್ದೇನೆ.

ತೆರೆಯದ ರಿಪೋರ್ಟುಗಳ ಪಟ್ಟಿಯಲ್ಲಿ ಕೊನೆಯ ಹೆಸರು ಬ್ಯಾಟರಾಯಪ್ಪ, ವಯಸ್ಸು ಎಪ್ಪತ್ತೆರಡು. ಅಂಥ ಮನುಷ್ಯ ಎಲ್ಲೂ ಇಲ್ಲ. ಪ್ರೋಗ್ರಾಮ್ ಪರೀಕ್ಷಿಸಲು ನಾವಿಬ್ಬರೂ ಸೇರಿ ಹುಟ್ಟಿಸಿದ ರೋಗಿ. ಅವನ ರಿಪೋರ್ಟಿನ ಷರಾ ಜಾಗದಲ್ಲಿ ನಾವು ಕದ್ದು ಕದ್ದು ಪತ್ರ ಬರೆದುಕೊಳ್ಳುತ್ತಿದ್ದೆವು. ‘ರೋಗಿಗೆ ಸಕ್ಕರೆ ಏರಿದೆ. ಕಾರಣ: ಸರಳಾ ಇವತ್ತು ಎರಡು ಸಲ ನಕ್ಕಳು’

ಅವನು ಕೊನೆಗೆ ಬರೆದದ್ದು ಉದ್ದದ ಷರಾ. ತನ್ನ ಮನೆಯಲ್ಲಿ ನಮ್ಮ ಮದುವೆಗೆ ಒಪ್ಪದೆ ನಡೆದ ಜಗಳ, ಅಮ್ಮ ಊಟ ಬಿಟ್ಟದ್ದು, ಎಲ್ಲ ಬರೆದು ಕೊನೆಗೆ ‘ನಂಗೂ ಸಾಕಾಗಿದೆ ಸರಳಾ’. ಅಷ್ಟೇ. ನಾನು ಮರುಮಾತಾಡಲಿಲ್ಲ. ಮುಂದಿನ ಸೋಮವಾರದಿಂದ ಅವನು ‘ನೀವು’ ಶುರುಮಾಡಿದ.

“ಹತ್ತೊಂಬತ್ತೂ ಒಂದೇ ಉದ್ದಕ್ಕೆ ಕಟ್ ಆಗಿವೆ ನೋಡಿ,” ಅಂದ ಮುನೀಂದ್ರ. “ಎರಡು ಸಾವಿರದ ಮೂವತ್ಮೂರು ಅಕ್ಷರ.”

ಕೋಡ್ ತೆರೆದು ನೋಡಿದೆ. ಬರಹ ಉದ್ದವಾದರೆ ಡೇಟಾಬೇಸ್ ಅದನ್ನು ತುಂಡು ತುಂಡಾಗಿ, ಒಂದೊಂದು ಸಾಲಿನಲ್ಲಿ ಕಳಿಸುತ್ತದೆ.

“ನಮ್ ಕೋಡ್ ಮೊದಲ್ನೇ ತುಂಡು ತಗೊಂಡು ಎದ್ದು ಬರ್ತಿದೆ. ಮಿಕ್ಕಿದ್ದನ್ನ ಓದ್ತಾನೇ ಇಲ್ಲ,” ಅಂದೆ.

“ಹಳೇ ಸ್ಕ್ರೀನಲ್ಲಿ ಎರರ್ ಬರ್ತಿರ್ಲಿಲ್ವಲ್ಲ?”

“ಅದು ಬಂದಷ್ಟು ತೋರಿಸಿ ಸುಮ್ನಾಗ್ತಿತ್ತು. ಹೊಸದು ಕೊನೇವರ್ಗೂ ಇದ್ಯಾ ಅಂತ ನೋಡುತ್ತೆ.”

ಹೇಳುತ್ತಿದ್ದ ಹಾಗೆ ನನ್ನ ಕಣ್ಣು ಪಟ್ಟಿಯ ಕೊನೆಯ ಹೆಸರಿಗೆ ಹೋಯಿತು. ಅವನು ಗಮನಿಸಲಿಲ್ಲ.

ಎಲ್ಲ ತುಂಡುಗಳನ್ನೂ ಓದಿ ಜೋಡಿಸುವಂತೆ ತಿದ್ದಿದೆ. ಹದಿನೆಂಟು ರಿಪೋರ್ಟು ತೆರೆದವು.

“ಇನ್ನೊಂದು ಟೆಸ್ಟ್ ರೆಕಾರ್ಡು. ಬಿಡಿ,” ಅಂದ, ನೆಲ ನೋಡುತ್ತಾ.

“ಹತ್ತೊಂಬತ್ತೂ ನೋಡ್ಬೇಕು,” ಅಂದು ತೆರೆದೆ.

‘ನಂಗೂ ಸಾಕಾಗಿದೆ ಸರಳಾ, ದಿನಾ ಈ ಜಗಳ. ಮದುವೆ ಅಂತಾದ್ರೆ ನಿನ್ನನ್ನೇ ಅಂತ ಇವತ್ತು ಹೇಳಿಬಿಟ್ಟೆ. ಶನಿವಾರ ಬೆಳಗ್ಗೆ ಏಳಕ್ಕೆ ಅಲ್ಲಾಳಸಂದ್ರ ಕೆರೆ ಗೇಟ್ ಹತ್ರ ಇರ್ತೀನಿ. ನೀನು ಬರ್ಲಿಲ್ಲ ಅಂದ್ರೆ ಇಷ್ಟ ಇಲ್ಲ ಅಂತ ತಿಳ್ಕೋತೀನಿ. ಮತ್ತೆ ಪೀಡಿಸಲ್ಲ’

ಎರಡು ಸಲ ಓದಿದೆ.

“ಇದು ನಂಗೆ ಬಂದೇ ಇಲ್ಲ,” ಅಂದೆ. “‘ಸಾಕಾಗಿದೆ ಸರಳಾ’ವರ್ಗೂ ಮಾತ್ರ ಕಾಣ್ತಿತ್ತು. ನೀನು ಕೊನೇಲಿ ಫುಲ್‌ಸ್ಟಾಪ್ ಹಾಕೋನೇ ಅಲ್ವಲ್ಲ, ಮುಗೀತು ಅನ್ಕೊಂಡೆ.”

ಅವನು ಸ್ಕ್ರೀನ್ ನೋಡಿದ. ಆಮೇಲೆ ನನ್ನ ಮುಖ ನೋಡಿದ, ಏಳು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ. ಅವನ ಕಿವಿ ಮೊದಲಿನ ಹಾಗೇ ಕೆಂಪಾಯಿತು.

“ಹತ್ತೂವರೆವರ್ಗೂ ಇದ್ದೆ ಕಣೇ. ವಾಕಿಂಗ್ ಬಂದಿದ್ದ ಅಜ್ಜ ಒಬ್ರು, ಯಾರಿಗ್ ಕಾಯ್ತಿದೀಯಪ್ಪಾ ಅಂತ ಕೇಳಿ ಕೇಳಿ ಸಾಕಾಗಿ ಮನೆಗೆ ಹೋದ್ರು.”

“ಒಂದ್ ಫೋನ್ ಮಾಡೋಕೇನು ಧಾಡಿ ನಿಂಗೆ?”

“ಪೀಡಿಸಲ್ಲ ಅಂತ ಬರ್ದಿದ್ನಲ್ಲ. ನಿಂಗೇನಾಗಿತ್ತು?”

“ಜಂಭ,” ಅಂದೆ.

ಅಳು ಬರಬೇಕಿತ್ತು, ಬರಲಿಲ್ಲ. ಸಂತೋಷವೂ ಆಗಲಿಲ್ಲ. ಮೇಜಿನ ಮೇಲೆ ಅವನು ವಾಪಸ್ ಕೊಡಬೇಕಾದ ಐಡಿ ಕಾರ್ಡ್ ಬಿದ್ದಿತ್ತು. ಭಾನುವಾರ ಹೈದರಾಬಾದಿಗೆ ಬಸ್, ಸೋಮವಾರ ಅಲ್ಲಿ ಹೊಸ ಕೆಲಸ.

“ಈಗ್ಲೂ ಇಷ್ಟ ಇದ್ಯಾ ಸರಳಾ?” ಮೆಲ್ಲಗೆ ಕೇಳಿದ.

“ಗೊತ್ತಾಗ್ತಿಲ್ಲ ಕಣೋ. ಏಳು ತಿಂಗಳಿಂದ ನಂಗೆ ಏನೂ ಗೊತ್ತಾಗ್ತಿಲ್ಲ.”

ಅವನು ತಲೆಯಾಡಿಸಿದ, ಬೇಜಾರು ತೋರಿಸಲಿಲ್ಲ. ಐಡಿ ಕಾರ್ಡಿಗೆ ಕೈ ಹಾಕಿದ.

ನಾನು ಕೀಬೋರ್ಡ್ ಹತ್ತಿರ ಎಳೆದುಕೊಂಡೆ. ಬ್ಯಾಟರಾಯಪ್ಪನಿಗೆ ಹೊಸ ಷರಾ ಬರೆದೆ: ‘ರೋಗಿಯು ನಾಳೆ ಬೆಳಗ್ಗೆ ಏಳಕ್ಕೆ ಕೆರೆ ಗೇಟಿಗೆ ಬರತಕ್ಕದ್ದು. ನಾನು ಮೊದಲೇ ಬಂದಿರ್ತೀನಿ.’

“ಇಷ್ಟೇನಾ?” ಅಂದ.

“ನೂರಕ್ಷರಾನೂ ಇಲ್ಲ. ಎಲ್ಲೂ ಕಟ್ ಆಗಲ್ಲ.”

ಅವನು ರಿಪೋರ್ಟು ಮುಚ್ಚಿ, ಮತ್ತೆ ತೆರೆದು, ಬೆರಳಿಟ್ಟು ಕೊನೆಯವರೆಗೂ ಓದಿದ.

“ಏ ಕೋತಿ,” ಅಂದ.

ಆಗ ನನಗೆ ಅಳು ಬಂತು.