ಸಗಾನ್ ಹೊಳೆಗೆ ಹೊತ್ತೊಯ್ದ ತೂಲ್

ಉರ್ತ್ ನದಿಯಲ್ಲಿ ಉಳಿದಿರುವ ತೂಲ್ ಮೀನುಗಳನ್ನು ಜೀವಂತವಾಗಿ ಬೆಟ್ಟ ದಾಟಿಸಿ ಸಗಾನ್ ಹೊಳೆಗೆ ಬಿಡಬೇಕು ಎಂದು ದುಲ್ಮಾ ಹೇಳಿದಾಗ ಅವಳ ಅಣ್ಣ ದಗ್ವಾ ಚಹಾದ ಬಟ್ಟಲನ್ನು ಕೆಳಗಿಟ್ಟು ತಂಗಿಯ ಮುಖವನ್ನೇ ನೋಡಿದ.

"ಮೀನನ್ನ? ಬೆಟ್ಟದ ಮೇಲೆ?"

"ಹೂಂ. ನಿನ್ನ ಯಾಕ್ ದನಗಳ ಮೇಲೆ ಹೇರ್ಕೊಂಡು."

"ನೀನು ದನದ ಡಾಕ್ಟ್ರು ಕಣೇ. ದನಕ್ಕೆ ಹುಚ್ಚು ಹಿಡಿದ್ರೆ ನೀನು ಸೂಜಿ ಚುಚ್ತೀಯ. ನಿನಗೆ ಹಿಡಿದ್ರೆ ನಾನೆಲ್ಲಿ ಚುಚ್ಚಲಿ?"

ಗುಡಾರದ ಬಾಗಿಲ ಬಳಿ ಕೂತು ಜೀನಿನ ಪಟ್ಟಿ ಹೊಲಿಯುತ್ತಿದ್ದ ಲೊದೊಯ್ ಗಹಗಹಿಸಿ ನಕ್ಕ. ಇವನು ದಗ್ವಾನ ಚಿಕ್ಕಂದಿನ ಗೆಳೆಯ. ಬಹಳ ವರ್ಷ ಪರದೇಶದ ಗಾಳಗಾರರನ್ನು ದೋಣಿಯಲ್ಲಿ ಕೂರಿಸಿಕೊಂಡು ಉರ್ತ್ ನದಿಯುದ್ದಕ್ಕೂ ಓಡಾಡಿದವನು. ಅವರು ತೂಲ್ ಹಿಡಿಯುವರು, ಫೋಟೊ ತೆಗೆಸಿಕೊಳ್ಳುವರು, ಮತ್ತೆ ನೀರಿಗೆ ಬಿಡುವರು. ಈ ಬೇಸಿಗೆಯಲ್ಲಿ ಆ ಕೆಲಸವೂ ನಿಂತುಹೋಗಿತ್ತು. ಮೇಲಿನ ಕಣಿವೆಯಲ್ಲಿ ಕದ್ದು ಚಿನ್ನ ತೊಳೆಯುವವರ ಕೆಸರಿನ ಕಟ್ಟೆಯೊಡೆದು, ನದಿಯೆಲ್ಲ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲು ಸತ್ತಿದ್ದು ಹದ್ರನ್ ಎಂಬ ಚಿಕ್ಕ ಮೀನುಗಳು. ತೂಲ್‌ಗೆ ಅವೇ ದಿನದ ಊಟ. ಆಮೇಲೆ ದಡದುದ್ದಕ್ಕೂ ತೂಲ್‌ಗಳೇ ಹೊಟ್ಟೆ ಮೇಲಾಗಿ ಬಿದ್ದವು. ಕೆಲವು ದಗ್ವಾನಿಗಿಂತ ಹೆಚ್ಚೇ ವಯಸ್ಸಾದವು.

"ಕರಿಬಂಡೆ ಮಡುವಲ್ಲಿ ಮೂರು ಬದುಕಿವೆ," ಎಂದ ಲೊದೊಯ್, ನಗು ನಿಲ್ಲಿಸಿ. "ಬಂಡೆ ಬುಡದಿಂದ ತಣ್ಣನೆ ಊಟೆ ಬರುತ್ತಲ್ಲ, ಅಲ್ಲಿ ಈ ಗುಡಾರದಷ್ಟಗಲ ತಿಳಿನೀರು ಉಳಿದಿದೆ. ಅದರೊಳಗೆ ಒತ್ತಿಕೊಂಡು ನಿಂತಿವೆ. ಒಂದಡಿ ಆಚೆ ಹೋದ್ರೆ ಕೆಸರು."

"ತಿಳಿನೀರಿದ್ರೆ ಅಲ್ಲೇ ಇರ್ಲಿ ಬಿಡು," ಎಂದ ದಗ್ವಾ.

"ಏನು ತಿಂದ್ಕೊಂಡು ಇರ್ಲಿ?" ಎಂದು ದುಲ್ಮಾ ಕೇಳಿದಳು.

ದಗ್ವಾ ಬಟ್ಟಲೆತ್ತಿ ಉಳಿದ ಚಹಾ ಕುಡಿದು, "ಯಾಕ್‌ಗಳು ನನ್ನವು. ಅವಕ್ಕೆ ಏನಾದ್ರೂ ಆದ್ರೆ ಇಬ್ಬರ ಚರ್ಮಾನೂ ಸುಲೀತೀನಿ," ಎಂದ. ಅಂದರೆ ಒಪ್ಪಿದ ಹಾಗೆ.

ಹೊರಡುವ ಬೆಳಿಗ್ಗೆ ಲೊದೊಯ್‌ನ ಹೆಂಡತಿ ಸೆವ್ಜಿದ್, ಕುದುರೆಹಾಲು ಹುಳಿಹಾಕುವ ತನ್ನ ಮನೆಯ ತೊಗಲಿನ ಚೀಲವನ್ನು ತಂದುಕೊಟ್ಟಳು. ಅಕ್ಕಪಕ್ಕದ ಮನೆಗಳಿಂದ ಇನ್ನೆರಡು ಬಂದವು. ಇಡೀ ದನದ ತೊಗಲಿನಿಂದ ಹೊಲಿದ, ಆಳು ಕೂರುವಷ್ಟು ದೊಡ್ಡ ಚೀಲಗಳು.

"ಮೀನಿನ ನಾತ ಹತ್ತಿಸಿಕೊಂಡು ಬಂದ್ರೆ ಚೀಲಾನೂ ಬೇಡ, ನೀನೂ ಬೇಡ," ಎಂದಳು ಗಂಡನಿಗೆ.

"ಹಾಗಾದ್ರೆ ಮೀನಿನ ಜೊತೆ ಅಲ್ಲೇ ಸಂಸಾರ ಹೂಡ್ತೀನಿ ಬಿಡು. ಅದಾದ್ರೆ ಬೈಯಲ್ಲ."

ದಾರಿ ಸುಗಮವಾಗಲೆಂದು ಸೆವ್ಜಿದ್ ಲೋಟದ ಹಾಲನ್ನು ಅವರ ಹಿಂದೆ ಗಾಳಿಗೆ ಚಿಮುಕಿಸಿದಳು. ಮೂವರು ಸವಾರರು, ಎರಡು ಯಾಕ್‌ಗಳು ಮೆಲ್ಲಗೆ ಇಳಿಜಾರು ಇಳಿದರು.

ಕರಿಬಂಡೆ ಮಡುವಿನಲ್ಲಿ ದುಲ್ಮಾ ಸೊಂಟದವರೆಗೆ ನೀರಿಗಿಳಿದಳು. ಆಗಸ್ಟ್ ತಿಂಗಳಾದರೂ ಊಟೆಯ ನೀರಿಗೆ ಕಾಲು ಮರಗಟ್ಟಿತು. ಮೂರೂ ಮೀನುಗಳು ಬಂಡೆಗೆ ಅಂಟಿಕೊಂಡು ನಿಂತಿದ್ದವು. ಬೂದುಹಸಿರು ಬೆನ್ನು, ಅದರ ಮೇಲೆ ಕರಿ ಚುಕ್ಕೆ, ಕೆಂಡದಂತೆ ಕೆಂಪಾದ ಬಾಲ. ತಲೆ ಮಾತ್ರ ಮೈಗಿಂತ ದೊಡ್ಡದಾಗಿ ಕಾಣುತ್ತಿತ್ತು. ಮೈ ಅಷ್ಟು ಸೊರಗಿತ್ತು. ಎಲ್ಲಕ್ಕಿಂತ ದೊಡ್ಡದರ ಬಾಯಿಂದ ಏನೋ ಹೊರಗೆ ಚಾಚಿಕೊಂಡಿತ್ತು. ಬಗ್ಗಿ ನೋಡಿದಳು. ಒಂದು ಪುಟ್ಟ ಕೆಂಪು ಬಾಲ.

"ಮರಿ ತೂಲ್," ಎಂದಳು. "ಬೇರೆ ಏನೂ ಸಿಗದೆ ತನ್ನ ಜಾತಿಯ ಮರೀನೇ ನುಂಗ್ತಿದೆ."

ದಡದಲ್ಲಿ ನಿಂತಿದ್ದ ದಗ್ವಾ ಬೂಟು ಕಳಚಿ ತಾನೂ ನೀರಿಗಿಳಿದ.

ಬಲೆಯಲ್ಲಿ ಮೂರನ್ನೂ ಹಿಡಿದಾಗ ಅವು ಒದ್ದಾಡಲೇ ಇಲ್ಲ. ಅದೇ ದುಲ್ಮಾಗೆ ಹೆದರಿಕೆ ಹುಟ್ಟಿಸಿದ್ದು. ಊಟೆಯ ನೀರು ತುಂಬಿದ ಒಂದೊಂದು ಚೀಲಕ್ಕೆ ಒಂದೊಂದನ್ನು ಇಳಿಬಿಟ್ಟು, ಬಾಯಿ ಸಡಿಲವಾಗಿ ಕಟ್ಟಿ, ಮುಂದಿನ ಯಾಕಿನ ಎಡಬಲಕ್ಕೆ ಎರಡು, ಹಿಂದಿನದಕ್ಕೆ ದೊಡ್ಡದನ್ನು ಹೇರಿದರು. ತೂಕ ಸರಿಯಾಗಲೆಂದು ಅದರ ಇನ್ನೊಂದು ಬದಿಗೆ ಕಲ್ಲಿನ ಮೂಟೆ.

ಸಗಾನ್ ಹೊಳೆಗೆ ಹೋಗಲು ನದಿಯ ಆಚೆ ದಡ ಸೇರಬೇಕಿತ್ತು. ಮರದ ಸೇತುವೆಯ ಬಳಸುದಾರಿ ಹೇರಿದ ಯಾಕ್‌ಗಳಿಗೆ ಬಲು ಉದ್ದ, ಮೀನು ತಡೆಯುತ್ತಿರಲಿಲ್ಲ. ಆದರೆ ಅಲ್ಲಿ ನದಿ ಇಕ್ಕಟ್ಟಿನ ಕಂದಕದಲ್ಲಿ ಮೊರೆಯುತ್ತಿತ್ತು. ಬೆಟ್ಟ ಹತ್ತಿ, ಕಂದಕವನ್ನು ಬಳಸಿ, ಕೆಳಗೆ ನದಿ ಅಗಲವಾಗುವಲ್ಲಿ ದಾಟಬೇಕು. ಏರುದಾರಿಯಲ್ಲಿ ಲಾರ್ಚ್ ಮರಗಳ ಕಾಡು ದಟ್ಟವಾಗಿತ್ತು. ನೆಲವೆಲ್ಲ ಹಾವಸೆ, ಗೊರಸು ಇಟ್ಟಲ್ಲಿ ನೀರು ಚಿಮ್ಮುತ್ತಿತ್ತು. ಎತ್ತರ ಹೋದಂತೆ ಮರಗಳು ಕುಳ್ಳಾಗಿ, ಕೊನೆಗೆ ಬರೀ ಹುಲ್ಲು, ಕಲ್ಲು, ಗಾಳಿ. ತಿರುಗಿ ನೋಡಿದರೆ ಕೆಳಗೆ ಉರ್ತ್ ನದಿ ಹಸಿರು ಕಣಿವೆಯಲ್ಲಿ ಕೀವಿನ ಗೆರೆಯಂತೆ ಹರಿಯುತ್ತಿತ್ತು. ಮೂವರೂ ಒಮ್ಮೆ ನೋಡಿದರು. ಮತ್ತೆ ನೋಡಲಿಲ್ಲ.

ನಿಂತಲ್ಲೆಲ್ಲ ಲೊದೊಯ್ ಸೌಟು ಹಿಡಿದು ಚೀಲಗಳ ಬಾಯಿ ಬಿಚ್ಚುತ್ತಿದ್ದ. ಮನೆಯಲ್ಲಿ ಹೆಂಗಸರು ಉಪ್ಪು ಹಾಕಿದ ಚಹಾ ಎತ್ತೆತ್ತಿ ಹೊಯ್ಯುವಂತೆ ನೀರನ್ನು ಮೊಗೆದು ಮೇಲಿಂದ ಸುರಿಯುತ್ತಿದ್ದ. ನೀರಿಗೆ ಗಾಳಿ ಸೇರಬೇಕಲ್ಲ.

"ಕುಡೀರಪ್ಪ, ಕುಡೀರಿ. ಉಪ್ಪು ಕಮ್ಮಿ ಆಯ್ತಾ?"

"ಹೆಂಡ್ತಿಗೆ ಒಂದಿನ ಹೀಗೆ ಚಹಾ ಮಾಡಿಕೊಟ್ಟಿದ್ದೀಯೇನೋ?" ಎಂದು ದಗ್ವಾ ಛೇಡಿಸಿದ.

"ಕೊಟ್ಟಿದ್ದೆ. ಅದಕ್ಕೇ ಅವಳು ನನ್ನನ್ನ ಅಡುಗೆಯಿಂದ ದೂರ ಇಟ್ಟಿರೋದು."

ಬೆಟ್ಟದಾರಿಯ ನೆತ್ತಿಯಲ್ಲಿ, ದಾರಿಹೋಕರು ಪೇರಿಸಿದ ಕಲ್ಲಿನ ರಾಶಿಯ ಬಳಿ, ಅತಿ ಚಿಕ್ಕ ಮೀನು ಸತ್ತಿತು. ಲೊದೊಯ್ ಸೌಟು ಇಳಿಸಿದಾಗ ಅದು ಅಡ್ಡಲಾಗಿ ತೇಲುತ್ತಿತ್ತು. ದುಲ್ಮಾ ಕಿವಿರು ಎತ್ತಿ ನೋಡಿದಳು. ಕೆಂಪಾಗಿರಬೇಕಾದ ಎಸಳುಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಒಳಗೆಲ್ಲ ಜೇಡಿಮಣ್ಣು ಮೆತ್ತಿಕೊಂಡಿತ್ತು.

"ನಾವು ಬರೋ ಮುಂಚೆನೇ ಇದು ಮುಗಿದಿತ್ತು," ಎಂದಳು.

ಮೊದಲಿಂದ ಗೊಣಗುತ್ತಿದ್ದ ದಗ್ವಾ ಮೀನನ್ನು ಕೈಯಲ್ಲೆತ್ತಿಕೊಂಡು ಹೋಗಿ ಕಲ್ಲುಗಳ ನಡುವೆ ಇಟ್ಟು, ಮೇಲೆ ಹಾವಸೆ ಮುಚ್ಚಿ ಬಂದ.

ಇಳಿಜಾರಿನ ನೆರಳುಕೊರಕಲಲ್ಲಿ ಕಳೆದ ಚಳಿಗಾಲದ ಮಂಜುಗಡ್ಡೆ ಇನ್ನೂ ಉಳಿದಿತ್ತು. ಕೊಡಲಿಯಿಂದ ಒಡೆದು ಚೀಲಗಳಿಗೆ ಹಾಕಿದರು. ತಣ್ಣಗಾದ ನೀರಿನಲ್ಲಿ ದೊಡ್ಡ ತೂಲ್ ಮೊದಲ ಸಲ ಬಾಲ ಬಡಿಯಿತು. ಲೊದೊಯ್‌ನ ಮುಖಕ್ಕೆ ನೀರು ರಾಚಿತು. "ಬೈತಾ ಇದೆ! ಬದುಕಿದೆ!" ಎಂದು ಅವನು ಕೂಗಿದ್ದು ಕಣಿವೆಯೆಲ್ಲ ಮಾರ್ದನಿಸಿತು.

ದಾಟುವ ಜಾಗಕ್ಕೆ ಬಂದಾಗ ನದಿ ಉಬ್ಬಿತ್ತು. ಮೇಲೆಲ್ಲೋ ಮಳೆಯಾಗಿತ್ತು. ಲೊದೊಯ್ ಹಿಂದೆ ಅಲ್ಲಿ ಬಚ್ಚಿಟ್ಟಿದ್ದ ತೆಪ್ಪ ಹಾಗೇ ಇತ್ತು: ಒಣ ಲಾರ್ಚ್ ದಿಮ್ಮಿಗಳು, ಅಡಿಗೆ ಲಾರಿಯ ಟ್ಯೂಬುಗಳು. ಲೊದೊಯ್ ಕುದುರೆಯನ್ನು ಈಜಿಸಿಕೊಂಡು ಹೋಗಿ ಆಚೆ ದಡದ ಮರಕ್ಕೆ ಹಗ್ಗ ಬಿಗಿದು ಬಂದ. ದಗ್ವಾ ಯಾಕ್‌ಗಳನ್ನೂ ಕುದುರೆಗಳನ್ನೂ ಹೊರೆಯೂ ಜೀನೂ ಇಲ್ಲದೆ ಈಜಿಸಿಕೊಂಡು ತಾನೂ ಆಚೆ ದಾಟಿದ.

ಮೊದಲ ಸಲ ದುಲ್ಮಾ ಮತ್ತು ದೊಡ್ಡ ಮೀನು. ಲೊದೊಯ್ ಹಗ್ಗ ಹಿಡಿದೆಳೆಯುತ್ತ ಸುರಕ್ಷಿತವಾಗಿ ಮುಟ್ಟಿಸಿದ. ಎರಡನೆಯದನ್ನು ತರಲು ಒಬ್ಬನೇ ಹಿಂತಿರುಗಿದ.

"ಲೊದೊಯ್ ಅಣ್ಣ, ನೀರು ಇನ್ನೂ ಏರ್ತಿದೆ," ಎಂದು ದುಲ್ಮಾ ಕೂಗಿದಳು.

"ಕಾಣ್ತಿದೆ ಡಾಕ್ಟ್ರಮ್ಮ! ಒಂದೇ ಒಂದು ಸಲ!"

ಅವನು ಚೀಲವನ್ನು ತೆಪ್ಪಕ್ಕೇರಿಸಿದ. ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡ. ಹಗ್ಗ ಎಳೆಯತೊಡಗಿದ.

ನಡುನೀರಿಗೆ ಬಂದ.

ಕೆಸರಿನಲ್ಲಿ ಮುಳುಗಿ ಬರುತ್ತಿದ್ದ ಮರ ಯಾರಿಗೂ ಕಾಣಲಿಲ್ಲ. ತಿಳಿನೀರಾಗಿದ್ದರೆ ಕಾಣುತ್ತಿತ್ತು.

ಧಡ್ ಎಂದು ಬಡಿಯಿತು. ತೆಪ್ಪದ ಒಂದು ಬದಿ ಮೇಲೆದ್ದಿತು. ಹಗ್ಗ ಕಿತ್ತುಹೋಯಿತು.

"ಚೀಲ ಬಿಡೋ! ಬಿಡೋ ಅದನ್ನ!" ದಗ್ವಾ ಅರಚಿದ.

ಚೀಲ ನೀರಿಗೆ ಜಾರಿತು. ಅದರ ಹಿಂದೆ ಲೊದೊಯ್. ಒಮ್ಮೆ ತಲೆ ಕಂಡಿತು. ಒಮ್ಮೆ ಕೈ. ಆಮೇಲೆ ಬರೀ ಕಂದು ನೀರು.

ದಗ್ವಾ ಜೀನಿಲ್ಲದ ಕುದುರೆಯೇರಿ ದಡದುದ್ದಕ್ಕೂ ಓಡಿಸಿದ. ಕೆಳಗಿನ ತಿರುವಿನ ಮರಳದಿಬ್ಬದ ಮೇಲೆ ಗೆಳೆಯ ಸಿಕ್ಕಿದ. ದುಲ್ಮಾ ಓಡೋಡಿ ಬಂದು ಎದೆಯೊತ್ತಿದಳು, ಬಾಯಿಗೆ ಬಾಯಿಟ್ಟು ಉಸಿರೂದಿದಳು, ಮತ್ತೆ ಒತ್ತಿದಳು. ಕೊನೆಗೆ ದಗ್ವಾನೇ ಅವಳ ಭುಜ ಹಿಡಿದು ನಿಲ್ಲಿಸಿದ. ತೊಗಲಿನ ಪಟ್ಟಿ ಇನ್ನೂ ಅವನ ಮುಂಗೈಗೆ ಬಿಗಿದುಕೊಂಡಿತ್ತು. ಚೀಲ ಖಾಲಿಯಾಗಿತ್ತು.

ಸತ್ತವನ ಹೆಸರು ಹಿಡಿದು ಕರೆಯಬಾರದೆಂಬುದು ಅವರ ವಾಡಿಕೆ. ದಗ್ವಾ ಕರೆಯಲಿಲ್ಲ. ಅವನ ಬಾಯಿಂದ ಮರಳನ್ನು ಬೆರಳಿನಿಂದ ತೆಗೆದು, ಮುಖ ಒರೆಸಿ, ಮೇಲಂಗಿಯಿಂದ ಮುಚ್ಚಿದ. ಆಮೇಲೆ ತಂಗಿಯ ಕಡೆ ತಿರುಗಿ, "ಆ ಇನ್ನೊಂದು ಶನೀನ ಈಗಲೇ ನದಿಗೆ ಎಸಿ," ಎಂದ.

ದುಲ್ಮಾ ಅಲುಗಾಡಲಿಲ್ಲ.

"ಎಸಿ ಅಂದೆ! ಒಂದು ಮೀನಿಗೆ ಒಬ್ಬ ಮನುಷ್ಯ ಸಾಕಾಗಲಿಲ್ವಾ?"

ಅವಳು ಅಳುತ್ತ ಅಲ್ಲೇ ಕುಸಿದಳು. ದಗ್ವಾ ತಾನೇ ಎಸೆಯುವವನಂತೆ ದಾಪುಗಾಲಿಟ್ಟು, ದಾಟಿದ ಜಾಗದಲ್ಲೇ ಉಳಿದಿದ್ದ ಚೀಲದ ಬಳಿಗೆ ಹೋಗಿ ಬಾಯಿ ಬಿಚ್ಚಿದ. ಒಳಗೆ ಮೀನು ಬಾಯಿ ತೆರೆಯುತ್ತ ಮುಚ್ಚುತ್ತ ಮೇಲಕ್ಕೆ ಬಂದಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಆಮೇಲೆ ಸೌಟು ತೆಗೆದುಕೊಂಡು ನೀರೆತ್ತಿ ಹೊಯ್ಯತೊಡಗಿದ. ಹೊಯ್ಯುತ್ತಲೇ ಅತ್ತ.

ತೆಪ್ಪ ಹೋಗಿತ್ತು. ಮನೆಗೆ ಮರಳಲು ಇನ್ನು ಸಗಾನ್ ಹೊಳೆಗುಂಟ ಇಳಿದು, ಮರದ ಸೇತುವೆ ಸುತ್ತಿ ಬರುವ ದಾರಿಯೊಂದೇ. ಶವವನ್ನು ಅವನ ಕುದುರೆಯ ಮೇಲೆ ಕಟ್ಟಿದರು. ಮೀನಿನ ಚೀಲ ಯಾಕಿನ ಮೇಲೆ. ಒಂದರ ಪಕ್ಕ ಒಂದು ನಡೆಸಿಕೊಂಡು ಹೋದರು.

ಸಗಾನ್ ಹೊಳೆ ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಬಂಡೆ ಬದಿಯ ಆಳದ ಮಡು, ಅದರ ಕೆಳಗೆ ಮೊಟ್ಟೆಯಿಡಲು ಹೇಳಿ ಮಾಡಿಸಿದಂಥ ಬೆಣಚುಕಲ್ಲಿನ ಹರವು, ಅಲ್ಲಿ ಬೆನ್ನುರೆಕ್ಕೆ ಎತ್ತಿಕೊಂಡು ಓಡಾಡುವ ಹದ್ರನ್ ಹಿಂಡು. ಇನ್ನೂ ಕೆಳಗೆ ಬೆರಳೆಣಿಕೆಯ ತೂಲ್‌ಗಳು ಉಳಿದಿವೆ ಎಂದು ಕೇಳಿದ್ದರು.

ನೀರಿಗೆ ಬಿಟ್ಟೊಡನೆ ಮೀನು ಹೊಟ್ಟೆ ಮೇಲಾಯಿತು. ದುಲ್ಮಾ ಅದರ ಬಾಲದ ಬುಡ ಹಿಡಿದು, ಹೊಟ್ಟೆಗೆ ಅಂಗೈ ಕೊಟ್ಟು, ತಲೆಯನ್ನು ಹರಿವಿಗೆದುರಾಗಿ ನಿಲ್ಲಿಸಿದಳು. ಕೈ ಸೆಡೆತವು. ತುಟಿ ನೀಲಿಯಾಯಿತು. ದಡದಲ್ಲಿ ದಗ್ವಾ ಗೆಳೆಯನ ಪಕ್ಕ ಕೂತು ನೊಣ ಓಡಿಸುತ್ತಿದ್ದ.

"ಇನ್ನೆಷ್ಟೊತ್ತು?"

"ಗೊತ್ತಿಲ್ಲಣ್ಣ."

"ಇವನನ್ನ ಮನೆಗೆ ತಲುಪಿಸಬೇಕು ಕಣೇ."

"ಗೊತ್ತು."

ಬಿಸಿಲು ಎದುರುಬೆಟ್ಟದ ನೆತ್ತಿಗೇರುವ ಹೊತ್ತಿಗೆ ಅವಳ ಅಂಗೈಯೊಳಗೆ ಮೀನಿನ ಮೈ ಬಿಗಿಯಾಯಿತು. ಬಾಲ ಒಮ್ಮೆ ಬಳುಕಿತು. ಕೈ ಖಾಲಿಯಾಯಿತು. ಆಳದ ಕಡೆಗೆ ಕೆಂಪು ಬಾಲ ಸಾಗಿದ್ದನ್ನು ಇಬ್ಬರೂ ನೋಡಿದರು. ಇಬ್ಬರೂ ಹಿಗ್ಗಲಿಲ್ಲ.

ಮನೆಯ ಮುಂದೆ ಸೆವ್ಜಿದ್ ದೂರದಿಂದಲೇ ಕುದುರೆಯ ಬೆನ್ನಿನ ಮೇಲಿನದನ್ನು ಕಂಡಳು. ಕೈಯಲ್ಲಿದ್ದ ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು. ಲಾಮಾ ಬಂದು ಮಂತ್ರ ಓದಿದ, ನೆಂಟರು ಬಂದು ಹೋದರು. ಅಷ್ಟು ದಿನವೂ ಅವಳು ದುಲ್ಮಾಳ ಜೊತೆ ಒಂದು ಮಾತೂ ಆಡಲಿಲ್ಲ. ದುಲ್ಮಾ ಕೊಟ್ಟ ಬಟ್ಟಲನ್ನೂ ಮುಟ್ಟಲಿಲ್ಲ.

ಲಾರ್ಚ್ ಎಲೆಗಳು ಹಳದಿಯಾದ ಮೇಲೆ ಒಂದು ಬೆಳಿಗ್ಗೆ ಸೆವ್ಜಿದ್ ಕುದುರೆಯೇರಿ ದುಲ್ಮಾಳ ಗುಡಾರದ ಮುಂದೆ ಬಂದು ನಿಂತಳು. ಇಳಿಯಲಿಲ್ಲ.

"ನಡಿ. ಎಲ್ಲಿ ಬಿಟ್ರಿ, ತೋರಿಸು."

ಇಬ್ಬರು ಹೆಂಗಸರೇ ಸೇತುವೆ ಸುತ್ತಿ ಸಗಾನ್ ಹೊಳೆಗೆ ಹೋದರು. ನೆರಳಿದ್ದ ಅಂಚಿನಲ್ಲಿ ಆಗಲೇ ತೆಳ್ಳನೆ ಹಿಮದ ಪೊರೆ ಕಟ್ಟಿತ್ತು. ಮಡುವಿನ ದಡದಲ್ಲಿ ಕೂತರು. ಹಳದಿ ಎಲೆಗಳು ತೇಲಿಹೋಗುತ್ತಿದ್ದವು. ಬಹಳ ಹೊತ್ತು ಏನೂ ಆಗಲಿಲ್ಲ. ದುಲ್ಮಾ ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದಳು.

ಆಚೆ ದಡದ ಹುಲ್ಲಿನಿಂದ ಒಂದು ಕಾಡಿಲಿ ನೀರಿಗಿಳಿಯಿತು. ಮೂಗು ಮೇಲೆತ್ತಿ, ಹಿಂದೆ ಗೆರೆ ಎಳೆಯುತ್ತ ಇತ್ತ ಈಜತೊಡಗಿತು. ಅರ್ಧ ದಾಟಿತ್ತು. ಅದರ ಕೆಳಗೆ ನೀರು ಉಬ್ಬಿತು. ಅಗಲವಾದ ತಲೆಯೊಂದು ಮೇಲೆ ಬಂತು, ಬಾಯಿ ಮುಚ್ಚಿದ ಸದ್ದು ಬಂಡೆಗೆ ಬಡಿಯಿತು, ಕೆಂಪು ಬಾಲ ನೀರನ್ನು ಹೊಡೆದು ಮುಳುಗಿತು. ಅಲೆಗಳು ಬಂದು ಅವರ ಬೂಟು ಮುಟ್ಟಿದವು.

ಸೆವ್ಜಿದ್ ಎದ್ದು ನಿಂತಿದ್ದಳು.

"ಅದೇನಾ?"

ಹೌದೆನ್ನುವುದು ದುಲ್ಮಾಗೆ ಸುಲಭವಿತ್ತು. "ಹೇಳೋಕಾಗಲ್ಲ ಅಕ್ಕ. ಕೆಳಗಿನಿಂದ ಬೇರೆದೂ ಬಂದಿರಬಹುದು. ಅದೇ ಇರಬಹುದು ಅನ್ಸುತ್ತೆ."

ಸೆವ್ಜಿದ್ ನೀರನ್ನೇ ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಹಸಿದಿತ್ತು ಅಂದ್ಯಂತಲ್ಲ ಅವತ್ತು, ಅಣ್ಣನ ಹತ್ರ. ನಮ್ಮನೆಯವರು ಹೇಳಿದ್ರು."

"ಹೂಂ."

"ಈಗ ತಿಂತಿದೆ." ಅವಳು ಮೂಗು ಒರೆಸಿಕೊಂಡು ಕುದುರೆಯ ಲಗಾಮು ಬಿಚ್ಚಿದಳು. "ಏಳು. ಹಿಮ ಬೀಳೋ ಮುಂಚೆ ಸೇತುವೆ ದಾಟಬೇಕು. ಕತ್ತಲಾಗೋದ್ರೊಳಗೆ ಕುದುರೆಗಳನ್ನ ಕೂಡಿಸಬೇಕು, ಈಗ ನಾನೊಬ್ಬಳೇ."

"ನಾನೂ ಬರ್ತೀನಕ್ಕ."

ಸೆವ್ಜಿದ್ ಬೇಡವೆನ್ನಲಿಲ್ಲ. ಕುದುರೆಯನ್ನು ತಡೆದು, ದುಲ್ಮಾ ಏರಿ ಪಕ್ಕಕ್ಕೆ ಬರುವವರೆಗೂ ಕಾದಳು.