ಕಂಫರ್ಟಬಲ್ ಅಂದರೆ ಯಾರ ಹತ್ತಿರ?

ನನ್ನ ಭಯ ಬಹಳ ಸಣ್ಣದು: ಬಾಯಿ ಬಿಡದೆ ಹೋದರೆ ಈ ಮನುಷ್ಯನನ್ನು ಮದುವೆಯಾಗಿಯೇಬಿಡುತ್ತೇನೆ. ಬೇಡ ಅನ್ನಲು ಎರಡಕ್ಷರ ಸಾಕು. ಎರಡೂ ಗಂಟಲಲ್ಲೇ ಕೂತಿವೆ.

ಡಿಕ್ಷನರಿ ಆ್ಯಪ್‌ಗಾಗಿ ಇಂಗ್ಲಿಷ್ ಪದಗಳನ್ನು ಓದಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಗಾಜಿನಾಚೆ ಕೂತು ತಿದ್ದುವವನು ಉಚ್ಚಾರಣೆಯ ಪಂಡಿತ. ಅಮ್ಮನ ಲೆಕ್ಕದಲ್ಲಿ ಆಗಲೇ ಅಳಿಯ. ಭಾನುವಾರ ಅವನು ತಾಯಿಯ ಜೊತೆ ಮದುವೆ ಮಾತು ಮುಗಿಸಲು ಮನೆಗೆ ಬರುತ್ತಾನೆ. ಗಾಜಿನಾಚೆ ಪಂಡಿತನ ಪಕ್ಕ ಕೂರುವವನು ಸೌಂಡ್ ಎಂಜಿನಿಯರ್. ಅವನನ್ನು ಎಲ್ಲರೂ ಹೆಡ್‌ಫೋನ್ ಅನ್ನುತ್ತಾರೆ.

ಇವತ್ತಿನ ಪದ ‘ಕಂಫರ್ಟಬಲ್’.

“ಕಂ-ಫರ್-ಟೇಬಲ್ ಅಂತೆ! ಟೇಬಲ್ಲು ಕುರ್ಚಿ ಎಲ್ಲಾ ಯಾಕಮ್ಮ ತರ್ತೀಯ?” ಪಂಡಿತ ನಕ್ಕ. “ಕಂಫ್ಟಬಲ್. ಮಧ್ಯದ್ದು ನುಂಗ್ಬೇಕು. ಎಂ.ಎ. ಹೇಗೆ ಪಾಸಾದೆ? ಇರ್ಲಿ, ಮದ್ವೆ ಆದ್ಮೇಲೆ ನಾನೇ ತಿದ್ತೀನಿ.”

ನುಂಗುವುದನ್ನು ನನಗೆ ಹೇಳಿಕೊಡಬೇಕೆ! ತನ್ನ ದನಿಗೆ ತಾನೇ ತಲೆದೂಗುವ ಗಂಡಸು. ತುಂಬದ ಕೊಡ ತುಳುಕುತ್ತದಂತೆ. ಇದು ತೂತು ಕೊಡ, ನಿಂತಲ್ಲೆಲ್ಲ ಸೋರುತ್ತದೆ.

“ಅರ್ಥ ಹೇಳು.”

“ಆರಾಮ... ಹಾಯಾಗಿರೋದು.”

“ಉದಾಹರಣೆ?”

ಹೆಡ್‌ಫೋನ್ ಸದ್ದಿಲ್ಲದೆ ಒಂದು ಗುಂಡಿ ಒತ್ತಿದ. ಪಂಡಿತನ ದನಿ ನನ್ನ ಕಿವಿಯಿಂದ ಮಾಯ. ಗಾಜಿನಾಚೆ ಅವನ ಬಾಯಿ ಮೀನಿನಂತೆ ತೆರೆದು ಮುಚ್ಚುತ್ತಿತ್ತು. ಹೆಡ್‌ಫೋನ್ ನನ್ನತ್ತ ಒಂದೇ ಹುಬ್ಬು ಎತ್ತಿದ. ನಗು ತಡೆಯಲು ನಾನು ತುಟಿ ಕಚ್ಚಿದೆ. ಅವನೂ ಕಚ್ಚಿದ.

ಮೈಕ್ ಸರಿಮಾಡುವ ನೆಪದಲ್ಲಿ ಒಳಗೆ ಬಂದು ನೀರು ಕೊಟ್ಟ.

“ನೀವು ಹೇಗೆ ಹೇಳಿದ್ರೂ ನಂಗೆ ಅರ್ಥ ಆಗತ್ತೆ ಕಣ್ರಿ.”

“ಅದಕ್ಕೆ ಸಂಬಳ ಕೊಡಲ್ಲ.”

“ಬೇಡ ಬಿಡಿ. ನೀವು ಮಾತಾಡಿ, ಸಾಕು.”

ಅವನ ಕುತ್ತಿಗೆ ಕೆಂಪಾಯಿತು. ನನ್ನದನ್ನು ನಾನು ನೋಡಿಕೊಳ್ಳಲಿಲ್ಲ.

“ಉದಾಹರಣೆ ಕೇಳ್ದೆ, ಕಿವುಡೇನಮ್ಮಾ?” ಪಂಡಿತ ಬಾಗಿಲಿಗೇ ಬಂದಿದ್ದ. “ಅಲ್ಲಯ್ಯಾ, ಅವಳಿಗೆ ಪಾಠ ಹೇಳೋಕೆ ನೀನ್ಯಾವೂರ ದೊಣ್ಣೆನಾಯಕ?”

ಹೆಡ್‌ಫೋನ್ ತಲೆ ತಗ್ಗಿಸಿ ಹೊರಗೆ ಹೋದ. ನಾನು ನೀರಿನ ಲೋಟವನ್ನು ಠಪ್ಪೆಂದು ಕೆಳಗಿಟ್ಟೆ.

ಕೆಲಸದ ಕೊನೆಗೆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡುತ್ತೇವೆ, ಪದಗಳ ನಡುವೆ ಅಂಟಿಸಲು. ಆಗ ಯಾರೂ ಮಿಸುಕಬಾರದು. ಪಂಡಿತ ಬಾಗಿಲಲ್ಲೇ ಕೈಕಟ್ಟಿ ನಿಂತ. ಹೆಡ್‌ಫೋನ್ ಕೈ ಎತ್ತಿದ, ಕೆಂಪು ದೀಪ ಹತ್ತಿತು.

ಮೊದಲ ಬಾರಿಗೆ, ನನ್ನನ್ನು ತಿದ್ದಲು ಯಾರಿಗೂ ಅವಕಾಶವಿರಲಿಲ್ಲ. ನನ್ನ ಉಸಿರು ನನಗೇ ಕೇಳಿಸಿತು. ಈ ಮೌನ ಕೆಟ್ಟರೆ ಕೆಡಲಿ.

ಗಾಜಿನಾಚೆಯ ಬಾಗಿದ ತಲೆಯನ್ನು ನೋಡುತ್ತ ಮೈಕಿಗೇ ಹೇಳಿದೆ: “ಪಂಡಿತರೇ, ಭಾನುವಾರ ಬರ್ಬೇಡಿ. ನಾನು ಹಾಯಾಗಿರೋದು ಇವರ ಹತ್ರ.”